ರಟ್ಟಿನ ಡಬ್ಬಿಗಳ ಮನೆ

"ನಿಮ್ಮ ಮನಸ್ಸಿನ ಮನೆ ಹೇಗಿದೆ, ಹೇಳಿ" ಎನ್ನುವ ಪಾಠ ಬಂದ ದಿನ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಹ್ಯೂಸ್ಟನ್ನಿನ ಒಂದು ಲೈಬ್ರರಿಯ ಹಿಂಬದಿಯ ಕೋಣೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ನನ್ನ ಸಂಜೆಯ ಕೆಲಸ. ಹೋಟೆಲಿನ ಅಡುಗೆಮನೆಯಿಂದ, ಆಸ್ಪತ್ರೆಯ ಪಾಳಿಯಿಂದ, ಮೊಮ್ಮಕ್ಕಳ ಕೈಯಿಂದ ಬಿಡಿಸಿಕೊಂಡು ಬರುವವರು ಅವರು. ಪಾಠದ ಕ್ರಮ ಸರಳ. ಇಬ್ಬಿಬ್ಬರದು ಒಂದು ಜೋಡಿ. ಒಬ್ಬರು ತಮಗೆ ಬೇಕಾದ ಮನೆಯನ್ನು ಬಾಯಿಮಾತಿನಲ್ಲಿ ಹೇಳಬೇಕು, ಇನ್ನೊಬ್ಬರು ಕೇಳಿಸಿಕೊಂಡಷ್ಟನ್ನು ಚಿತ್ರ ಬಿಡಿಸಬೇಕು. ಕೈಸನ್ನೆ ಮಾಡುವಂತಿಲ್ಲ, ಫೋನಿನಲ್ಲಿ ಫೋಟೋ ತೋರಿಸುವಂತಿಲ್ಲ. ಹೇಳಿದ್ದು ಅರಮನೆಯಾಗಿ, ಕಾಗದದ ಮೇಲೆ ಕೋಳಿಗೂಡು ಮೂಡಿದಾಗ ಎಲ್ಲರೂ ನಗುತ್ತಾರೆ. ನಗುನಗುತ್ತಲೇ ಕಿಟಕಿ, ಮೆಟ್ಟಿಲು, ಅಂಗಳ ಎಲ್ಲವೂ ನಾಲಿಗೆಗೆ ಹತ್ತುತ್ತವೆ. ಮೊನ್ನೆ ಒಬ್ಬಾಕೆ ತನ್ನ ಮನೆಗೆ ಈಜುಕೊಳ ಹಾಕಿಸಿಕೊಂಡು, ಅದರ ಪಕ್ಕದಲ್ಲೇ ಅತ್ತೆಗೊಂದು ಬೇರೆ ಮನೆಯನ್ನೂ ಕಟ್ಟಿಸಿ, ನನ್ನ ಕಡೆ ತಿರುಗಿ, "ಟೀಚರ್, ನಿಮ್ಮ ಮನೆ?" ಎಂದು ಕೇಳಿದಳು. ನಾನು ಗಡಿಯಾರ ನೋಡಿ ಮುಂದಿನ ಜೋಡಿಯ ಹತ್ತಿರ ಹೋದೆ. ಹೇಳುವುದಾದರೂ ಏನು? ಒಂದು ಅಪಾರ್ಟ್‌ಮೆಂಟಿನಲ್ಲಿ ವರ್ಷ ತುಂಬುವುದರೊಳಗೆ ನನ್ನ ಅಂಗಾಲು ತುರಿಸಲು ಶುರುವಾಗುತ್ತದೆ. ಟಿವಿ ಬಂದ ರಟ್ಟಿನ ಡಬ್ಬಿ ಇವತ್ತಿಗೂ ನಾನು ಬಟ್ಟೆ ಇಡುವ ಕ್ಲಾಸೆಟ್ಟಿನಲ್ಲಿ ಥರ್ಮಕೋಲಿನ ಸಮೇತ ನಿಂತಿದೆ. ಡಬ್ಬಿ ಎತ್ತಿಡುವ ಆ ಚಟ ಅಪ್ಪನ ಕಡೆಯಿಂದ ಬಂದದ್ದು, ಈ ಪಾಠ ಅವ್ವನ ಕಡೆಯಿಂದ. ಇವೆರಡರ ನಡುವೆ ನಾನು ಬೆಳೆದೆ.

ಅಪ್ಪ ರಸ್ತೆ ಕಟ್ಟುವ ಎಂಜಿನಿಯರ್. ಒಂದು ಹೆದ್ದಾರಿ ಇನ್ನೊಂದರ ಹೆಗಲ ಮೇಲೆ ಹತ್ತಿ, ಸುತ್ತಿ ಇಳಿಯುವ ಫ್ಲೈಓವರ್‌ಗಳಿವೆಯಲ್ಲ, ಅವು ಅವನ ಕೆಲಸ. ಧಾರವಾಡದಲ್ಲಿ ಓದಿ, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಟೆಕ್ಸಸ್ಸಿಗೆ ಬಂದವನು, ಕೆಲಸ ಎಲ್ಲಿ ಎದ್ದಿತೋ ಅಲ್ಲಿಗೆ ಎದ್ದ. ಮೊದಲು ಹ್ಯೂಸ್ಟನ್, ಆಮೇಲೆ ಆಸ್ಟಿನ್, ಅಲ್ಲಿಂದ ಡಲ್ಲಾಸ್ ಕಡೆಯ ಫ್ಲವರ್ ಮೌಂಡ್. ಕಾರಿನಲ್ಲಿ ಹೋಗುವಾಗ ತಾನು ಕಟ್ಟಿದ ಕಂಬದ ಕೆಳಗೆ ಬಂದರೆ ಸ್ಟೇರಿಂಗಿನಿಂದ ಒಂದು ಕೈ ತೆಗೆದು ತೋರಿಸುತ್ತಿದ್ದ.

"ಇದು ನಂದು ನೋಡು."

ಊರ ತುಂಬಾ ಅವನವು ಎನ್ನುವ ಕಂಬಗಳಿದ್ದವು. ನಮ್ಮದು ಎನ್ನುವ ಒಂದು ಗೋಡೆ ಇರಲಿಲ್ಲ. ಪ್ರತಿ ಊರಿನಲ್ಲೂ ಅದೇ ಮಣ್ಣುಬಣ್ಣದ ಕಾರ್ಪೆಟ್ಟು, ಕಿಟಕಿಗಳಿಗೆ ಅದೇ ಬಿಳಿ ಬ್ಲೈಂಡ್ಸು. ಅಪಾರ್ಟ್‌ಮೆಂಟಿನ ಆಫೀಸಿನಿಂದ ಕೀಲಿಕೈ ಇಸಿದುಕೊಂಡು ಅಪ್ಪ ಮುಂದೆ ನಡೆಯುತ್ತಿದ್ದ, ನಾವಿಬ್ಬರೂ ಹಿಂದೆ. ಅವನು ಬಾಗಿಲು ತೆರೆದರೆ ಒಳಗಿಂದ ಹಸಿ ಬಣ್ಣದ ವಾಸನೆ ಬಂದು ಮೂಗಿಗೆ ಬಡಿಯುತ್ತಿತ್ತು. ಆ ವಾಸನೆ ಅವನಿಗೆ ಹುರುಪು ತರುತ್ತಿತ್ತು. ಸ್ವಿಚ್ಚುಗಳನ್ನೆಲ್ಲ ಹಾಕಿ ತೆಗೆದು, ನಲ್ಲಿ ತಿರುಗಿಸಿ, "ಭಾರೀ ಅದ!" ಎನ್ನುತ್ತಿದ್ದ. ನಾನು ಕಿಟಕಿ ತೆರೆಯಲು ಓಡುತ್ತಿದ್ದೆ.

ಹ್ಯೂಸ್ಟನ್ನಿನ ಮೊದಲ ಮನೆ ಹಿಲ್‌ಕ್ರಾಫ್ಟಿನ ಇಂಡಿಯನ್ ಅಂಗಡಿಗಳಿಗೆ ಹತ್ತಿರವಿತ್ತು. ಅಲ್ಲಿಂದ ಅರಿಶಿನ, ಕುಂಕುಮ, ಮಾವಿನೆಲೆ ತಂದು ಅವ್ವ ಒಲೆಯ ಮೇಲೆ ಹಾಲಿಟ್ಟಳು. ಹೊಸ ಮನೆಗೆ ಕಾಲಿಟ್ಟ ಮೇಲೆ ಹಾಲು ಉಕ್ಕಬೇಕು, ಉಕ್ಕಿ ಚೆಲ್ಲಬೇಕು, ಆಗಲೇ ಮನೆ ಹೊಕ್ಕಂತೆ. ಹಾಲು ಉಕ್ಕಿತು. ಕೆಂಪಗೆ ಕಾದಿದ್ದ ಕರೆಂಟ್ ಒಲೆಯ ಸುರುಳಿಯ ಮೇಲೆ ಬಿದ್ದು ಕರಕಲಾಗಿ, ಕ್ಷಣದಲ್ಲಿ ಮನೆಯೆಲ್ಲ ಹೊಗೆ. ಚಾವಣಿಗೆ ಹಾಕಿದ್ದ ಹೊಗೆ ಅಲಾರಾಂ ಕಿವಿ ಹರಿಯುವಂತೆ ಕೂಗಿಕೊಂಡಿತು. ಅದೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಫ್ರಿಜ್ಜಿನ ಪ್ಲಗ್ಗು ಕಿತ್ತ. ಅಕ್ಕಪಕ್ಕದವರು ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿಳಿದರು. ಆಫೀಸಿನವನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದು, ಒಲೆಯನ್ನೂ ಅದರ ಮೇಲಿನ ಅರಿಶಿನ ಕುಂಕುಮವನ್ನೂ ನೋಡಿ ನಿಂತುಬಿಟ್ಟ. ಅವನು ಏನೇನೋ ಕೇಳಿದ. ಅವ್ವನಿಗೆ ಅರ್ಥವಾಯಿತು, ಬಾಯಿ ಬರಲಿಲ್ಲ. ಧಾರವಾಡದಲ್ಲಿ ಓಣಿಯ ಜಗಳಗಳನ್ನೆಲ್ಲ ಕಟ್ಟೆಯ ಮೇಲೆ ಕೂತು ಮಾತಿನಲ್ಲೇ ಬಗೆಹರಿಸುತ್ತಿದ್ದ ಹೆಂಗಸು ಅವಳು. ಅವತ್ತು ಸೆರಗನ್ನು ಬಾಯಿಗೆ ಹಿಡಿದು ಗೋಡೆಗೆ ಒರಗಿದಳು. ಸಂಜೆ ಒಲೆ ತಿಕ್ಕುತ್ತಾ ಹೇಳಿದಳು:

"ಬಾಡಿಗಿ ಮನಿಗೆ ಇನ್ನ ಹಾಲು ಉಕ್ಕಸೂದು ಬ್ಯಾಡ. ನಮ್ಮದು ಅಂತ ಒಂದು ಆಗ್ಲಿ, ಆವಾಗ ನೋಡೋಣು."

ಹಾಗಾಗಿ ಆಸ್ಟಿನ್ನಿನಲ್ಲಿ ಹಾಲು ಉಕ್ಕಲಿಲ್ಲ, ಫ್ಲವರ್ ಮೌಂಡಿನಲ್ಲೂ ಉಕ್ಕಲಿಲ್ಲ. ಆ ಮನೆಗಳ ಒಳಗೆ ಬಂದೆವು, ಉಂಡೆವು, ಮಲಗಿದೆವು. ಅವ್ವನ ಲೆಕ್ಕದಲ್ಲಿ ಹೊಕ್ಕಿರಲಿಲ್ಲ.

ಹೊಗದ ಮನೆಗಳಲ್ಲಿ ನಮ್ಮ ಜತೆಗೆ ಡಬ್ಬಿಗಳೂ ಇದ್ದವು. ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏನೇ ಕೊಂಡರೂ ಅದರ ಡಬ್ಬಿಯನ್ನು ಒಗೆಯುವಂತಿಲ್ಲ. ಟಿವಿಯದು, ಮಿಕ್ಸಿಯದು, ರೈಸ್ ಕುಕ್ಕರಿನದು, ಕೊನೆಗೆ ನನ್ನ ಟೇಬಲ್ ಲ್ಯಾಂಪಿನದು ಕೂಡ. ಒಳಗಿನ ಥರ್ಮಕೋಲನ್ನು ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಜೋಪಾನವಾಗಿ ಅದರದರ ಜಾಗಕ್ಕೆ ಕೂರಿಸಿ, ಮುಚ್ಚಿ, ಅಪ್ಪ ಅವನ್ನು ನನ್ನ ಕೋಣೆಯ ಕ್ಲಾಸೆಟ್ಟಿನಲ್ಲಿ ನೆಲದಿಂದ ಮೇಲಿನವರೆಗೆ ಜೋಡಿಸುತ್ತಿದ್ದ. ನನ್ನ ಬಟ್ಟೆಗಳು ಸೂಟ್‌ಕೇಸಿನಲ್ಲಿರುತ್ತಿದ್ದವು. ಬೆಳಿಗ್ಗೆ ಶಾಲೆಗೆ ಹೋಗಲು ಸೂಟ್‌ಕೇಸು ಬಿಚ್ಚುವ ಹುಡುಗಿ ನಾನು. ಆ ಕ್ಲಾಸೆಟ್ಟಿನ ಬಾಗಿಲು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅದು ತೆರೆದಿದ್ದರೆ ಇವತ್ತೋ ನಾಳೆಯೋ ಹೊರಡುತ್ತೇವೆ ಎಂದೇ ಅನ್ನಿಸುತ್ತಿತ್ತು. ಈ ಡಬ್ಬಿಗಳ ಮೇಲೆ ಹಬ್ಬ ಹುಣ್ಣಿಮೆಗೊಂದು ಜಗಳ ಆಗಲೇಬೇಕು.

"ಹುಡುಗಿ ಅರಿವಿ ಇಡಾಕ ಜಾಗಾ ಇಲ್ಲ. ಇವನ್ನ ಒಗೀರಿ."

"ಮತ್ತ ಬೇಕಾಗ್ತಾವ. ಶಿಫ್ಟ್ ಆಗೂ ಮುಂದ ಹುಡುಕ್ಯಾಡಾಂವ ನಾನು, ನೀ ಅಲ್ಲ."

"ಹುಡುಕ್ಯಾಡಬ್ಯಾಡ್ರಿ. ಶಿಫ್ಟ್ ಆಗಬ್ಯಾಡ್ರಿ."

ಅಪ್ಪ ನಗುತ್ತಿದ್ದ. ಜಗಳದಲ್ಲಿ ನಗುವವರ ಜತೆ ಗೆಲ್ಲುವುದು ಕಷ್ಟ.

ಹಾಗಂತ ಅವನಿಗೆ ಮನೆಯ ಆಸೆ ಇರಲಿಲ್ಲ ಎನ್ನುವಂತಿಲ್ಲ. ಫ್ಲವರ್ ಮೌಂಡಿನ ಭಾನುವಾರಗಳೆಲ್ಲ ಮಾಡೆಲ್ ಹೋಮ್‌ಗಳಿಗೆ ಮೀಸಲು. ಹೊಸ ಬಡಾವಣೆಗಳಲ್ಲಿ ಮಾರುವವರು ಒಂದು ಮನೆಯನ್ನು ಪೂರ್ತಿ ಸಿಂಗರಿಸಿ, ಮುಂದೆ ಬಾವುಟ ಹಾರಿಸಿ, ಬಾಗಿಲು ತೆರೆದಿಟ್ಟಿರುತ್ತಾರೆ. ಬಂದವರಿಗೆ ತಣ್ಣನೆಯ ನೀರು, ಬಿಸ್ಕತ್ತು. ನಮ್ಮವರಿಗೆ ಇದಕ್ಕಿಂತ ಒಳ್ಳೆಯ ವಿಹಾರ ಬೇಕೇ? ಮೊಸರನ್ನದ ಡಬ್ಬಿ ಕಾರಿನಲ್ಲಿಟ್ಟುಕೊಂಡು ಹೊರಡುತ್ತಿದ್ದೆವು. ಬಾಣಲಿಯಷ್ಟು ದೊಡ್ಡ ಬಟ್ಟಲಿನಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು, ಕಪಾಟಿನಲ್ಲಿ ಒಳಗೇನೂ ಇಲ್ಲದ ಪುಸ್ತಕಗಳು, ರಟ್ಟಿನ ಟಿವಿ. ನಾನು ಓಡಿಹೋಗಿ ಮಹಡಿಯ ಮೇಲೆ ನನ್ನ ಕೋಣೆ ಆರಿಸಿಕೊಳ್ಳುತ್ತಿದ್ದೆ. ವಾರಕ್ಕೊಂದು ಕೋಣೆ ನನ್ನದಾಗಿ, ಸಂಜೆಯೊಳಗೆ ಹೋಗುತ್ತಿತ್ತು. ಅಪ್ಪ ಕಿಸೆಯಿಂದ ದಿಕ್ಸೂಚಿ ತೆಗೆದು ಹೊಸ್ತಿಲ ಮೇಲೆ ನಿಲ್ಲುತ್ತಿದ್ದ. ಒಂದು ಮನೆಯ ಬಾಗಿಲು ದಕ್ಷಿಣಕ್ಕೆ. ಇನ್ನೊಂದರ ಅಡುಗೆಮನೆ ಅಗ್ನಿಮೂಲೆಯಲ್ಲಿಲ್ಲ. ಎಲ್ಲ ಸರಿಯಿದ್ದ ಮತ್ತೊಂದಕ್ಕೆ ಬೀದಿ ಕುತ್ತು. ಎದುರಿನ ರಸ್ತೆ ನೇರವಾಗಿ ಬಂದು ಬಾಗಿಲಿಗೆ ಬಡಿಯುತ್ತದೆ, ಅಂಥ ಮನೆ ಉದ್ಧಾರವಾಗುವುದಿಲ್ಲವಂತೆ. ಜೀವನವಿಡೀ ರಸ್ತೆ ಹಾಕಿದವನು ರಸ್ತೆ ಎದುರಿಗೆ ಬಂತೆಂದು ಮನೆ ಬೇಡ ಎಂದ. ಮಾರುವ ಹೆಂಗಸು ಅಪ್ಪನ ಕೈಯ ದಿಕ್ಸೂಚಿ ನೋಡಿ, ಇವನು ದಾರಿ ತಪ್ಪಿ ಬಂದವನೇ ಇರಬೇಕು ಎಂಬಂತೆ ಹೆದ್ದಾರಿಗೆ ಹೋಗುವ ದಾರಿ ಹೇಳಿದ್ದೂ ಉಂಟು. ವಾಪಸ್ಸು ಬರುವಾಗ ಅಪ್ಪ ಹಾಯಾಗಿರುತ್ತಿದ್ದ.

"ಹಿರ್ಯಾರು ಮನಿ ಕಟ್ಟಿ ನೋಡು ಅಂದಾರ. ಕೊಂಡು ನೋಡು ಅಂತ ಎಲ್ಲೆ ಅಂದಾರ?"

ಪ್ರತಿ ಮನೆಯಲ್ಲೂ ಅವ್ವ ನೆಟ್ಟಗೆ ಅಡುಗೆಮನೆಗೆ ಹೋಗಿ, ಸಿಂಕಿನ ಮುಂದೆ ನಿಂತು, ಕಿಟಕಿಯ ಹೊರಗೆ ಒಮ್ಮೆ ನೋಡಿ ಬಂದುಬಿಡುತ್ತಿದ್ದಳು. ಏನು ನೋಡುತ್ತೀ ಎಂದು ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಆ ವರ್ಷ ಅವಳು ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ನನಗೆ ಕಥೆಪುಸ್ತಕ ತರಲು ಲೈಬ್ರರಿಗೆ ಹೋದಾಗ ಗಾಜಿನ ಆಚೆ ಹೆಂಗಸರು ನಗುತ್ತಿದ್ದುದು ಕಾಣಿಸಿತು. ಅಲ್ಲೇನೋ ನಡೆದಿದೆ ಎಂದು ಇಣುಕಿದಳು, ಮಿಸ್ ಡೋರಿಸ್ ಎಳೆದು ಒಳಗೆ ಕೂರಿಸಿದರು. ನಿವೃತ್ತಿಯಾದ ಶಾಲಾ ಶಿಕ್ಷಕಿ, ಆರಡಿ ಎತ್ತರ, ಟೆನಿಸ್ ಬೂಟು. ಅವ್ವನ ಜೋಡಿಗೆ ಸಿಕ್ಕಿದವಳು ಲೂಪೆ, ಮೆಕ್ಸಿಕೋದವಳು, ಬೇಕರಿಯಲ್ಲಿ ಕೇಕಿನ ಮೇಲೆ ಹೂವು ಬಿಡಿಸುವವಳು. ಒಬ್ಬರಿಗೆ ಬಾರದ ಮಾತನ್ನು ಇನ್ನೊಬ್ಬರು ತಪ್ಪಾಗಿ ಹೇಳಿಕೊಟ್ಟು ಇಬ್ಬರೂ ಮುಂದುವರಿದರು. ಕೆಲವೇ ವಾರಗಳಲ್ಲಿ ಅವ್ವ ಫೋನು ರಿಂಗಾದರೆ ನನ್ನ ಕೈಗೆ ಕೊಡುವುದನ್ನು ಬಿಟ್ಟಳು.

ಮನಸ್ಸಿನ ಮನೆಯ ಪಾಠ ಕೊನೆಗೆ ಬಂತು. ಕ್ಲಾಸಿನ ಮೊದಲ ಹಂತ ಮುಗಿಯುವ ದಿನ ಮನೆಯವರನ್ನೆಲ್ಲ ಕರೆದು, ಅವರ ಮುಂದೆಯೇ ಒಬ್ಬರು ಹೇಳುವುದು, ಜೋಡಿಯವರು ಬೋರ್ಡಿನ ಮೇಲೆ ಬಿಡಿಸುವುದು ಎಂದು ಮಿಸ್ ಡೋರಿಸ್ ಏರ್ಪಾಟು ಮಾಡಿದ್ದರು. ಅಭ್ಯಾಸಕ್ಕೆ ಅವ್ವ ನನ್ನನ್ನು ಕೂರಿಸಿಕೊಂಡಳು. ಪೂರ್ವದ ಬಾಗಿಲು, ಮಹಡಿ, ದೇವರಕೋಣೆ, ಮೂರು ಕಾರು ನಿಲ್ಲುವ ಗ್ಯಾರೇಜು ಹೇಳಿದಳು. ನಾನು ಬಿಡಿಸಿ ತೋರಿಸಿದೆ. ಅವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ನಿಮ್ಮಪ್ಪನ ಮನಿ."

ನಾನು ಇಂಗ್ಲಿಷಿನಲ್ಲಿ, ಹಾಗಾದರೆ ನಿನ್ನದು ಹೇಳು ಎಂದೆ.

"ನಂದು ಇನ್ನೂ ತಿಳೀವಲ್ತು" ಎಂದವಳು ಆ ಚಿತ್ರವನ್ನು ಮಡಚಿ, ಅಲುಗಾಡುತ್ತಿದ್ದ ಟೇಬಲ್ಲಿನ ಕಾಲಿಗೆ ಒತ್ತು ಕೊಟ್ಟಳು.

ಅದೇ ವಾರ, ರೊಟ್ಟಿ ಎಣ್ಣೆಗಾಯಿ ಊಟದ ನಡುವೆ ಅಪ್ಪ ಸುದ್ದಿ ಹೇಳಿದ. ಹ್ಯೂಸ್ಟನ್ನಿನಲ್ಲಿ ದೊಡ್ಡದೊಂದು ಫ್ಲೈಓವರ್ ಶುರುವಾಗುತ್ತಿದೆ, ಅವನೇ ಮುಂದೆ ನಿಂತು ಮಾಡಿಸಬೇಕು, ಈ ತಿಂಗಳ ಕೊನೆಗೆ ಶಿಫ್ಟ್. ಕಣ್ಣಲ್ಲಿ ಆ ಹಸಿ ಬಣ್ಣದ ಹುರುಪು. ನಾನು ರೊಟ್ಟಿಯನ್ನು ಅಲ್ಲೇ ಬಿಟ್ಟೆ. ಮೊದಲ ಸಲ ಒಂದೇ ಶಾಲೆಯಲ್ಲಿ ನನ್ನ ಎರಡನೇ ವರ್ಷ ನಡೆಯುತ್ತಿತ್ತು. ನನ್ನ ಹೆಸರನ್ನು ಸರಿಯಾಗಿ ಕರೆಯಲು ಒಬ್ಬ ಗೆಳತಿಗೆ ಅಂತೂ ಬಂದಿತ್ತು. ಅವ್ವ ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಮರುದಿನ ನನ್ನ ಕ್ಲಾಸೆಟ್ಟು ಖಾಲಿಯಾಗಿ ಡಬ್ಬಿಗಳೆಲ್ಲ ಹಾಲ್‌ಗೆ ಬಂದು ಬಾಯಿ ತೆರೆದು ಕೂತವು. ಅವುಗಳ ನಡುವೆ ಓಡಾಡಿಕೊಂಡೇ ಆ ವಾರ ಕಳೆದೆವು.

ಕ್ಲಾಸಿನ ಆ ಹಂತ ಮುಗಿಯುವ ಸಂಜೆ ಅಪ್ಪ ಸೈಟಿನಿಂದ ಸೀದಾ ಬಂದ, ಬೂಟಿನ ತುಂಬಾ ಧೂಳು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತು, ಈಕೆ ಪೂರ್ವದ ಬಾಗಿಲು ಮರೆತಾಳು ಎಂದು ಕಿವಿಯಲ್ಲಿ ಹೇಳಿ ನಕ್ಕ. ಲೂಪೆ ಬೋರ್ಡಿನ ಹತ್ತಿರ ಪೆನ್ನು ಹಿಡಿದು ನಿಂತಳು. ಅವ್ವ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಶುರು ಮಾಡಿದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ತುಂಡು ತುಂಡಾಗಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನನ್ನ ಮನೆ ಸಣ್ಣದು. ಮಹಡಿ ಇಲ್ಲ. ಬಾಗಿಲು ಯಾವ ಕಡೆಗಾದರೂ ಇರಲಿ."

ಪಕ್ಕದಲ್ಲಿ ಅಪ್ಪ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ.

"ಅಡುಗೆಮನೆಗೆ ಕಿಟಕಿ ಇದೆ. ಕಿಟಕಿಯಿಂದ ರಸ್ತೆ ಕಾಣುತ್ತದೆ. ಯಾರು ಬಂದರು, ಯಾರು ಹೋದರು, ನನಗೆ ಕಾಣುತ್ತದೆ. ಬಾಗಿಲ ಹೊರಗೆ ಕೂರಲು ಕಲ್ಲಿನ ಕಟ್ಟೆ ಇದೆ."

ಲೂಪೆ ತಲೆಯಾಡಿಸಿ, ಕಟ್ಟೆಯನ್ನೂ ಅದರ ಮೇಲೆ ಕಾಲು ಚಾಚಿದ ಇಬ್ಬರು ಹೆಂಗಸರನ್ನೂ ಬಿಡಿಸಿದಳು. ಅವಳಿಗೆ ಅದನ್ನು ವಿವರಿಸಬೇಕಾಗಲಿಲ್ಲ.

"ನನ್ನ ಮಗಳ ಕ್ಲಾಸೆಟ್ಟಿನಲ್ಲಿ ಮಗಳ ಬಟ್ಟೆ ಇದೆ. ಡಬ್ಬಿ ಇಲ್ಲ. ಡಬ್ಬಿಗಳನ್ನೆಲ್ಲ ನನ್ನ ಗಂಡ ಒಗೆದಿದ್ದಾನೆ. ಅವನಿಗೆ ಅವು ಇನ್ನು ಬೇಡ."

ಜನ ನಕ್ಕರು. ಅಲ್ಲಿದ್ದ ಅರ್ಧ ಜನರ ಮನೆಯಲ್ಲೂ ಡಬ್ಬಿಗಳು ಇದ್ದಿರಬೇಕು. ಅಪ್ಪ ನಗಲಿಲ್ಲ. ಲೂಪೆ ಅಡುಗೆಮನೆಯಲ್ಲಿ ಅವ್ವನನ್ನು ಬಿಡಿಸಿದಳು, ಕೋಣೆಯಲ್ಲಿ ಎರಡು ಜಡೆಯ ನನ್ನನ್ನು ಬಿಡಿಸಿದಳು, ಆಮೇಲೆ ತಿರುಗಿ ಕೇಳಿದಳು:

"ಸುಮಾ, ಗಂಡ ಎಲ್ಲಿ? ಎಲ್ಲಿ ಹಾಕಲಿ?"

ಅವ್ವ ಇದಕ್ಕೆ ಅಭ್ಯಾಸ ಮಾಡಿರಲಿಲ್ಲ. ಕಟ್ಟಿಕೊಂಡಿದ್ದ ಕೈ ಬಿಚ್ಚಿತು. ನಮ್ಮ ಸಾಲಿನ ಕಡೆ ಒಂದು ಸಲ ನೋಡಿ, ಬೋರ್ಡಿನ ಮೇಲಿನ ರಸ್ತೆಯ ಕಡೆ ನೋಡಿದಳು.

"ರಸ್ತೆಯಲ್ಲಿ ಹಾಕು. ಬರುತ್ತಿದ್ದಾನೆ."

ಮನೆಗೆ ಹೋಗುವಾಗ ನಾವು ಅಪ್ಪನ ಕಂಬಗಳ ಕೆಳಗೇ ಹಾದೆವು. ಅವನು ಕೈ ತೆಗೆಯಲಿಲ್ಲ, ನಂದು ಅನ್ನಲಿಲ್ಲ. ವಿಮಾನವೊಂದು ತಲೆಯ ಮೇಲೆ ಇಳಿದುಹೋದ ಮೇಲೆ ಮಾತು ತೆಗೆದ.

"ನಮ್ಮ ಅಡಗಿಮನಿ ಕಿಟಕ್ಯಾಗೂ ರಸ್ತೆ ಕಾಣಸ್ತದಲ್ಲಾ?"

"ಕಾಣಸ್ತದ."

"ಮಹಡಿನೂ ಇಲ್ಲ."

"ಇಲ್ಲ."

"ಅಂದ್ರ ನೀ ಹೇಳಿದ್ದು ಈಗ ಇರೂ ಮನೀನ. ಇಷ್ಟು ಮಾಡೆಲ್ ಹೋಮ್ ತೋರಿಸೀನಿ, ಬಾಡಿಗಿ ಮನಿ ಹೇಳಿ ಬಂದಿ?"

"ಅಲ್ಲೆ ಒಂದ್ರಾಗರ ಕಿಟಕ್ಯಾಗ ಮನಷ್ಯಾರು ಕಂಡಾರೇನ್ರಿ? ಎಲ್ಲಾ ಬೇಲಿ. ನಂಗ ಬೇಕಾಗಿದ್ದು ಇಷ್ಟ. ವಸೂನ ಸಾಲಿ ಬಿಡಸಬ್ಯಾಡ್ರಿ, ನನ್ನ ಕ್ಲಾಸೂ ಬಿಡಸಬ್ಯಾಡ್ರಿ. ನಾ ಬರಂಗಿಲ್ಲ."

ಅಪ್ಪನಿಗೆ ಸಿಟ್ಟು ಬಂತು. ಅವನ ಸಿಟ್ಟು ನಮಗೆ ಅಪರೂಪ, ಅದಕ್ಕೇ ಹೆದರಿಕೆ.

"ಹಂಗಾರ ನಾ ಒಬ್ಬನ ಹೋಗಿ ಅಲ್ಲೆ ಏನು ಮಾಡ್ಲಿ? ಹಿಟ್ಟು ಕಲಸಗೋತ ಕೂಡ್ಲ್ಯಾ?"

"ಕಲಸೂದು ಕಲೀರಿ. ನಾ ಇಂಗ್ಲಿಷ್ ಕಲತಿಲ್ಲೇನು?"

ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ನಾನು ಶಾಲೆಯಿಂದ ಬಂದವಳು ಮೊದಲು ಹಾಲ್‌ಗೆ ಇಣುಕಿ, ಯಾವ ಡಬ್ಬಿಯೊಳಗೆ ಏನು ಹೊಕ್ಕಿದೆ ಎಂದು ನೋಡುತ್ತಿದ್ದೆ. ಯಾವುದರಲ್ಲೂ ಏನೂ ಹೊಕ್ಕಿರಲಿಲ್ಲ. ಶನಿವಾರ ಬೆಳಿಗ್ಗೆ ಎದ್ದಾಗ ಚರಚರ ಸದ್ದು. ಅಪ್ಪ ಹಾಲ್‌ನ ನಡುವೆ ಲುಂಗಿ ಕಟ್ಟಿಕೊಂಡು ಕೂತು, ಸೈಟಿನ ಚಾಕುವಿನಿಂದ ಟಿವಿಯ ಡಬ್ಬಿ ಸೀಳುತ್ತಿದ್ದ. ಥರ್ಮಕೋಲಿನ ಕಾಳುಗಳು ಮೀಸೆಗೂ ಹತ್ತಿದ್ದವು. ನನ್ನನ್ನು ನೋಡಿ, "ನಿಂತು ನೋಡ್ತಿ ಏನು? ತುಳಿ" ಎಂದ. ನಾನು ಡಬ್ಬಿಗಳ ಮೇಲೆ ಕುಣಿದೆ. ಅಷ್ಟು ಸಂತೋಷದಿಂದ ನಾನು ಮತ್ತೆಲ್ಲೂ ಕುಣಿದಿಲ್ಲ. ಮಟ್ಟಸವಾದ ರಟ್ಟುಗಳನ್ನು ಅಪ್ಪ ಹೊರೆ ಮಾಡಿ ಕಸದ ತೊಟ್ಟಿಗೆ ಹೊತ್ತ. ಮಿಕ್ಸಿಯ ಡಬ್ಬಿಯನ್ನು ಮಾತ್ರ ಎರಡು ಸಲ ತಿರುಗಿಸಿ ನೋಡಿ, ಆಮೇಲೆ ಅದನ್ನೂ ಸೀಳಿದ. ಅವ್ವ ನನ್ನ ಫ್ರಾಕುಗಳನ್ನು ಒಂದೊಂದಾಗಿ ಕ್ಲಾಸೆಟ್ಟಿಗೆ ತೂಗುಹಾಕಿ, ಖಾಲಿ ಸೂಟ್‌ಕೇಸನ್ನು ಅಪ್ಪನ ಕೈಗೆ ಕೊಟ್ಟಳು.

"ಇದು ನಿಮಗ. ಸೋಮವಾರ ಬೇಕಾಗ್ತದಲ್ಲಾ."

ಮಧ್ಯಾಹ್ನ ಸ್ನಾನ ಮಾಡಿ ಬಂದು ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಾಲಿಟ್ಟಳು. ಅಪ್ಪ ರಟ್ಟಿನ ಒಂದು ತುಂಡು ಉಳಿಸಿಕೊಂಡಿದ್ದ, ಅದನ್ನು ಹಿಡಿದು ಹೊಗೆ ಅಲಾರಾಂ ಕೆಳಗೆ ಕುರ್ಚಿ ಹಾಕಿ ಹತ್ತಿದ. ಹಾಲು ಉಕ್ಕಿತು, ಚೆಲ್ಲಿತು, ಹೊಗೆ ಎದ್ದಿತು. ಅಪ್ಪ ಬೀಸಿದ್ದೇ ಬೀಸಿದ್ದು. ಅಲಾರಾಂ ಅವನ ಮುಖಕ್ಕೇ ಕೂಗಿಕೊಂಡಿತು. ಪಕ್ಕದ ಮನೆಯ ಹುಡುಗಿ ಬಾಗಿಲು ಬಡಿದಳು. ಅವ್ವನ ಬದಲು ಮಾತಾಡಲು ನಾನು ಅಭ್ಯಾಸಬಲದಿಂದ ಓಡಿದೆ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ಬಾಗಿಲು ತೆರೆದು ಇಂಗ್ಲಿಷಿನಲ್ಲಿ ಹೇಳಿದಳು: ಬೆಂಕಿ ಅಲ್ಲ, ಹಾಲು. ನಮ್ಮದು ಹೊಸ ಮನೆ. ನೀವು ಹೋದ ವರ್ಷದಿಂದ ಇಲ್ಲೇ ಇದ್ದೀರಲ್ಲ ಎಂದು ಅವಳು ಕಣ್ಣರಳಿಸಿದಳು.

"ಹೌದು. ಹೊಸ ಮನೆ" ಎಂದು ಅವ್ವ ಅವಳ ಕೈಗೂ ಒಂದು ಲೋಟ ಹಾಲು ಕೊಟ್ಟಳು.

ಸೋಮವಾರ ಅಪ್ಪ ಹೋದ. ನನಗೆ ಬೇಕಾದದ್ದು ಸಿಕ್ಕಿತ್ತು, ಆದರೂ ನೆಮ್ಮದಿ ಇರಲಿಲ್ಲ. ಶಾಲೆ ಅದೇ, ಗೆಳತಿ ಅವಳೇ, ಕ್ಲಾಸೆಟ್ಟಿನಲ್ಲಿ ಫ್ರಾಕುಗಳು. ಊಟಕ್ಕೆ ಕೂತರೆ ಒಂದು ತಟ್ಟೆ ಕಡಿಮೆ. ಅಪ್ಪ ಹ್ಯೂಸ್ಟನ್ನಿನ ಬಾಡಿಗೆ ಕೋಣೆಯಿಂದ ಫೋನು ಮಾಡಿ, ಹಿಟ್ಟಿಗೆ ನೀರು ಎಷ್ಟು ಎಂದು ಕೇಳುತ್ತಿದ್ದ. ಅವ್ವ ಹೇಳಿ, ಫೋನಿಟ್ಟು, ಕಿಟಕಿಯ ಮುಂದೆ ನಿಲ್ಲುತ್ತಿದ್ದಳು. ಕಟ್ಟೆ ಇಲ್ಲದ್ದಕ್ಕೆ ಬಾಗಿಲ ಹೊರಗೆ ಒಂದು ಮಡಚುವ ಕುರ್ಚಿ ಹಾಕಿದಳು. ಲೂಪೆ ಬಂದಾಗ ಇನ್ನೊಂದು.

ಶುಕ್ರವಾರ ಸಂಜೆ ಬಾಗಿಲ ಬೆಲ್ ಆಯಿತು. ನಾನೂ ಅವ್ವನೂ ಒಟ್ಟಿಗೆ ಹೋದೆವು. ಹೊರಗೆ ಅಪ್ಪ. ನಡುವೆ ಎಲ್ಲೂ ನಿಲ್ಲದೆ ಡ್ರೈವ್ ಮಾಡಿಕೊಂಡು ಬಂದವನ ಅಂಗಿ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ನನ್ನ ಸೂಟ್‌ಕೇಸು.

"ಚಾವಿ ಕಳದ್ರ್ಯಾ?" ಎಂದಳು ಅವ್ವ.

"ಇಲ್ಲ. ಕಿಸೇದಾಗ ಅದ."

"ಮತ್ತ ನಿಮ್ಮ ಮನಿಗೆ ನೀವ ಬೆಲ್ ಯಾಕ ಒತ್ತೀರಿ?"

ಅಪ್ಪ ಬೂಟಿನ ಧೂಳನ್ನು ಚಾಪೆಗೆ ಒರೆಸುತ್ತಾ ನಿಂತ. ಅಷ್ಟು ಮನೆಗಳ ಬಾಗಿಲು ತೆರೆದವನು, ಬೀಗದ ಮೇಲೆ ಬೇರೆ ಯಾರ ಕೈಯನ್ನೂ ಬಿಡದವನು.

"ಎಲ್ಲಾ ಮನಿ ಬಾಗಿಲಾ ನಾನ ಹೊರಗಿಂದ ತಗದೀನಿ. ಒಳಗಿಂದ ಯಾರರ ತಗದ್ರ ಹೆಂಗಿರ್ತದ, ನೋಡೋಣ ಅಂತ ಒತ್ತಿದೆ."

ಅವ್ವ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬರ್ರಿ" ಎಂದಳು.